ಕಾಡ ಮೊಟ್ಟೆಗೆ ಇಟ್ಟ ಕಬ್ಬಿಣ

ಮೊನ್ನೆ ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಬಡ್ತಿ ಸಿಕ್ಕಿತು. ವಿದ್ಯಾನಗರದ ಆಫೀಸುಗಳಲ್ಲಿ ಇಂಥ ಸಂದರ್ಭಕ್ಕೆ ಲಡ್ಡು ತರುವುದು ವಾಡಿಕೆ. ಇವರು ಬೇಯಿಸಿದ ಕಾಡ ಮೊಟ್ಟೆಗಳನ್ನು ಸ್ಟೀಲಿನ ಡಬ್ಬದ ತುಂಬ ತಂದಿದ್ದರು, ಜೊತೆಗೆ ಕಾಳುಮೆಣಸಿನ ಪುಡಿಯ ಪೊಟ್ಟಣ. ನಾನು ಮೊಟ್ಟೆ ತಿನ್ನುವವನಲ್ಲ ಎಂದು ಎಲ್ಲರಿಗೂ ಗೊತ್ತು. “ತಿನ್ನದಿದ್ರೆ ಬೇಡ, ನಾಲ್ಕು ಸುಲಿದಾದ್ರೂ ಕೊಡಿ ಮಾರಾಯ್ರೆ” ಎಂದು ಪಕ್ಕದ ಮೇಜಿನವರು ಒಂದನ್ನು ನನ್ನ ಅಂಗೈಗೆ ಹಾಕಿದರು. ಅದಿನ್ನೂ ಬೆಚ್ಚಗಿತ್ತು. ನನಗೆ ಅರಿವಾಗುವ ಮೊದಲೇ ಕೈ ಮೇಲಕ್ಕೆ ಹೋಗಿ, ಕಣ್ಣು ಮುಚ್ಚಿ, ಮೊಟ್ಟೆಯನ್ನು ರೆಪ್ಪೆಯ ಮೇಲೆ ಇಟ್ಟುಕೊಂಡಿದ್ದೆ.

“ಎಂತದು, ಪ್ರಸಾದವಾ ಅದು, ಕಣ್ಣಿಗೊತ್ತಿಕೊಳ್ಳಲಿಕ್ಕೆ?” ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಹೊರಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಕೈ ತೊಳೆದೆ.

ಕಾಡ ಎಂದರೆ ಘಟ್ಟದ ಮೇಲಿನ ಓದುಗರಿಗೆ ಗೊತ್ತಾಗಲಿಕ್ಕಿಲ್ಲ. ನಿಮ್ಮ ಲಾವಕ್ಕಿಯ ಹತ್ತಿರದ ಸಂಬಂಧಿ. ಹೆಸರು ಮಲಯಾಳದ್ದು, ಹಕ್ಕಿಯ ಈ ತಳಿ ಜಪಾನಿನದಂತೆ. ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟು ಸಣ್ಣ ಹಕ್ಕಿ, ಶಾಯಿ ಸಿಡಿದಂಥ ಚುಕ್ಕೆಗಳ ಮೊಟ್ಟೆ. ಎಷ್ಟೋ ತಲೆಮಾರಿನಿಂದ ಪಂಜರದಲ್ಲಿ ಬದುಕಿ ಈ ಹಕ್ಕಿ ಕಾವು ಕೂರುವುದನ್ನೇ ಮರೆತಿದೆ. ಮೊಟ್ಟೆ ಇಟ್ಟು, ಅದರ ಮೇಲೆಯೇ ಕಾಲಿಟ್ಟು ನಡೆದುಹೋಗುತ್ತದೆ. ಮರಿ ಆಗಬೇಕಾದರೆ ಬೇರೆ ಯಾರಾದರೂ ಕಾವು ಕೊಡಬೇಕು, ಕೋಳಿಯೋ ಯಂತ್ರವೋ. ನನ್ನ ಕಥೆಯ ಕಷ್ಟವೆಲ್ಲ ಅಲ್ಲಿಂದಲೇ ಶುರು.

ಹತ್ತು ವರ್ಷದ ಹಿಂದೆ ನಾನು ಶಿರಿಯದಲ್ಲಿ ಹೊಳೆಯ ಕಡೆಗೆ ಬಾಗಿಲಿದ್ದ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ನನ್ನ ಹುಟ್ಟೂರು ಮಧೂರಿನ ಹತ್ತಿರ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದೆ, ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳಿ ಅಕ್ಕಪಕ್ಕದವರಿಗೆಲ್ಲ ‘ಮಾಷ್’ ಆಗಿದ್ದೆ, ಸರ್ಕಾರಿ ಗುಮಾಸ್ತನ ಹುದ್ದೆಯ ರ‍್ಯಾಂಕ್ ಲಿಸ್ಟಿನಲ್ಲಿ ನನ್ನ ಹೆಸರು ಬಂದಿತ್ತು. ಲಿಸ್ಟಿನಲ್ಲಿ ಹೆಸರು ಬಂದವನು ಅರ್ಧ ಮದುವೆಯಾದವನ ಹಾಗೆ. ಅತ್ತ ಬ್ರಹ್ಮಚಾರಿಯೂ ಅಲ್ಲ, ಇತ್ತ ಸಂಸಾರಿಯೂ ಅಲ್ಲ. ದಿನವೂ ಪೋಸ್ಟಿನವನ ಸೈಕಲ್ಲಿಗೆ ಕಿವಿಕೊಟ್ಟು ಕೂರುವುದು.

ಪಕ್ಕದ ಮನೆ ಐಸುಮ್ಮನದು. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಕೋಳಿ ಕಾವಿಗೆ ಕೂರಿಸುವುದೆಂದರೆ ಆ ವಠಾರದಲ್ಲಿ ಐಸುಮ್ಮನ ಕೈಯೇ ಆಗಬೇಕು. ಬೇರೆ ಮನೆಯವರು ಸಹ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, “ನೀವೊಮ್ಮೆ ಮುಟ್ಟಿ ಕೊಡಿ” ಎನ್ನುತ್ತಿದ್ದರು. ಅವರು ಒಂದೊಂದೇ ಮೊಟ್ಟೆಯನ್ನು ಎತ್ತಿ, ಕಣ್ಣು ಮುಚ್ಚಿ, ರೆಪ್ಪೆಗೆ ತಾಗಿಸಿ, ಇದು ಬೇಡ, ಇದು ಆದೀತು ಎಂದು ಬೇರೆ ಮಾಡುತ್ತಿದ್ದರು. ಆಮೇಲೆ ಬುಟ್ಟಿಗೆ ಹೊಯಿಗೆ, ಅಂದರೆ ಮರಳು, ಅದರ ಮೇಲೆ ಮೊಟ್ಟೆ, ಮೊಟ್ಟೆಗಳ ನಡುವೆ ಒಂದು ಕಬ್ಬಿಣದ ತುಂಡು. ಗುಡುಗಿಗೆ ಮೊಟ್ಟೆಯೊಳಗಿನ ಜೀವ ಬೆದರಿ ಸಾಯುತ್ತದೆ, ಕಬ್ಬಿಣ ಇದ್ದರೆ ಗುಡುಗು ಅದಕ್ಕೆ ಹೋಗುತ್ತದೆ ಎಂಬ ನಂಬಿಕೆ. ನಮ್ಮ ಊರಿನಲ್ಲೂ ಇದೆ. ಕೋಳಿ ಸಾಕದ ನನ್ನ ಅಜ್ಜಿಗೂ ಅದು ಗೊತ್ತಿತ್ತು.

ಆ ವರ್ಷ ಐಸುಮ್ಮನ ತಮ್ಮ ಮೊಯ್ದು ಗಲ್ಫಿನಿಂದ ಬಂದಿದ್ದರು. ನಾನು ಅವರನ್ನು ಮೊಯ್ದುಚ್ಚ ಎಂದು ಕರೆಯುತ್ತಿದ್ದೆ. ತಾಯಿ ತೀರಿಕೊಂಡಾಗ ಅವರಿಗೆ ಆರು ವರ್ಷ, ಸಾಕಿದ್ದು ಅಕ್ಕ. ಇಪ್ಪತ್ತೆರಡು ವರ್ಷ ಅಲ್ಲಿ ಲಾರಿ ಓಡಿಸಿ, ನಡುವೆ ಹೆಂಡತಿಯನ್ನು ಕಳೆದುಕೊಂಡು, ಮತ್ತೆ ಮದುವೆಯಾಗದೆ, ಸೊಂಟ ನೋವು ತೆಗೆದುಕೊಂಡು ಬಂದ ಮನುಷ್ಯ. ಆರು ತಿಂಗಳೊಳಗೆ ತಿರುಗಿ ಹೋಗದಿದ್ದರೆ ವಿಸಾ ರದ್ದಾಗುತ್ತದೆ. ಅಷ್ಟರೊಳಗೆ ಇಲ್ಲಿ ಒಂದು ಕೆಲಸ ನಿಂತರೆ ತಾನೂ ನಿಲ್ಲುತ್ತೇನೆ, ಇಲ್ಲದಿದ್ದರೆ ಹೋಗುತ್ತೇನೆ ಎಂದು ಅವರು ಅಕ್ಕನಿಗೆ ಹೇಳಿದ್ದರು. ಆ ಕೆಲಸವೇ ಕಾಡ ಸಾಕಣೆ. ಮೊಟ್ಟೆ ಮಾರಿದರೆ ಸಾಲದು, ಮರಿ ಮಾಡಿ ಮಾರಬೇಕು, ಅದರಲ್ಲೇ ಲಾಭ ಇರುವುದು ಎಂದು ಅವರ ಲೆಕ್ಕ. ಐಸುಮ್ಮನ ಲೆಕ್ಕ ಬೇರೆ. ಮರಿ ಆದರೆ ತಮ್ಮ ಉಳಿಯುತ್ತಾನೆ.

ಮೊಯ್ದುಚ್ಚ ಪ್ಲೈವುಡ್ಡಿನ ಒಂದು ಪೆಟ್ಟಿಗೆ ಮಾಡಿದರು. ಒಳಗೆ ನಾಲ್ಕು ಬಲ್ಬು, ಒಂದು ಸಣ್ಣ ಫ್ಯಾನು, ಉಷ್ಣತೆ ಮೀರಿದರೆ ಬಲ್ಬು ಆರಿಸುವ ಸಾಧನ, ತಂತಿಜಾಲದ ಟ್ರೇ, ಕೆಳಗೆ ನೀರಿನ ತಟ್ಟೆ. ವಯರಿಂಗ್ ಅವರದೇ. “ಇದರೊಳಗೆ ಒಂದು ಸೂಜಿ ಸಹ ಇಡ್ಬಾರ್ದು” ಎಂದು ಅಕ್ಕನಿಗೆ ಆವತ್ತೇ ಹೇಳಿದ್ದರು. ಕಾಡ ಮೊಟ್ಟೆ ಒಡೆದು ಮರಿ ಬರಲು ಹದಿನೇಳು ದಿನ. ಮೊದಲನೆಯ ಸಲ ದೂರದ ಒಂದು ಫಾರ್ಮಿನಿಂದ ಇನ್ನೂರು ಮೊಟ್ಟೆಗಳನ್ನು ಬಸ್ಸಿನಲ್ಲಿ ತಂದು ಇಟ್ಟರು. ಹದಿನೇಳು ಆಯಿತು, ಹದಿನೆಂಟು, ಇಪ್ಪತ್ತು ಆಯಿತು. ಆರು ಮರಿ. ಅದರಲ್ಲಿ ಮೂರಕ್ಕೆ ಕಾಲು ಸೊಟ್ಟ.

ನನ್ನ ಪ್ರವೇಶ ಆಗ. ಓದಿದ್ದು ಉಪಯೋಗಕ್ಕೆ ಬರುವ ಅವಕಾಶ ನನಗೆ ಜೀವನದಲ್ಲಿ ಮೊದಲ ಬಾರಿ ಸಿಕ್ಕಿತ್ತು. ಅಂಗಳದಲ್ಲಿ ಪೇಪರ್ ಹಾಸಿ, ಕಾಲೇಜಿನ ಚಿಮಟ ಹಿಡಿದು, ಮರಿಯಾಗದ ಮೊಟ್ಟೆಗಳನ್ನು ಒಂದೊಂದಾಗಿ ಒಡೆದೆ. ಅರ್ಧಕ್ಕರ್ಧ ಬರೀ ಹಳದಿ, ಬೀಜವೇ ಕಟ್ಟದ್ದು. ಕೆಲವದರಲ್ಲಿ ಕೆಂಪು ಉಂಗುರ, ಅಂದರೆ ಮೂರು ನಾಲ್ಕು ದಿನಕ್ಕೆ ಸತ್ತದ್ದು. ಉಳಿದವು ಪೂರ್ತಿ ಬೆಳೆದು, ಕೊಕ್ಕು ಎದೆಗೆ ಒತ್ತಿಕೊಂಡು ಒಳಗೇ ಸತ್ತವು. ಐಸುಮ್ಮ ಸೆರಗನ್ನು ಬಾಯಿಗೆ ಹಿಡಿದು ನೋಡುತ್ತಿದ್ದರು.

“ತಿನ್ನದವರು ನೀವು, ಮುಟ್ಟಲಿಕ್ಕಾಗ್ತದಾ ಮಾಷೆ?”

“ಮುಟ್ಟಿ ಕಲಿತದ್ದೇ ನಾನು, ಐಸುಮ್ಮ.”

“ಕಲ್ತು ಎಂತ ಗೊತ್ತಾಯ್ತು? ಸತ್ತದ್ದು ನಂಗೂ ಕಾಣ್ತದೆ.”

ನಾನು ಭಾಷಣವನ್ನೇ ಕೊಟ್ಟೆ. ಮೊಟ್ಟೆ ಹಳತು, ವಾರಕ್ಕಿಂತ ಹೆಚ್ಚು ದಿನ ಇಟ್ಟರೆ ಒಳಗಿನ ಜೀವ ಸೊರಗುತ್ತದೆ. ಬಸ್ಸಿನಲ್ಲಿ ಕುಲುಕಿದೆ. ಒಂದು ಗಂಡಿಗೆ ಹತ್ತು ಹೆಣ್ಣು ಬಿಟ್ಟರೆ ಬೀಜ ಕಟ್ಟುವುದಿಲ್ಲ. ಒಂದೇ ಬಳಗದಲ್ಲಿ ತಿರುಗಿ ತಿರುಗಿ ಮರಿ ಮಾಡಿಸಿದರೆ ಕಾಲು ಸೊಟ್ಟವೇ ಬರುವುದು. ತೆಳು ಚಿಪ್ಪಿನದು, ಚುಕ್ಕೆಯಿಲ್ಲದೆ ಬೆಳ್ಳಗಿರುವುದು, ಗೀರು ಬಿದ್ದದ್ದು, ಯಾವುದನ್ನೂ ಇಡಬಾರದು. ಚೂಪು ತುದಿ ಕೆಳಗೆ ಇರಬೇಕು. ದಿನಕ್ಕೆ ಐದು ಸಲ ತಿರುಗಿಸಬೇಕು. ಮೊಯ್ದುಚ್ಚ ಎಲ್ಲವನ್ನೂ ಒಂದು ಹಳೆಯ ಡೈರಿಯಲ್ಲಿ ಬರೆದುಕೊಂಡರು. ಐಸುಮ್ಮ ಕೊನೆಯವರೆಗೆ ಕೇಳಿ, “ಅದೆಲ್ಲ ಸರಿ ಮಾಷೆ. ಆದ್ರೆ ಆ ವಾರ ಗುಡುಗು ಎಷ್ಟಿತ್ತು?” ಎಂದರು.

ನಾನು ನಕ್ಕುಬಿಟ್ಟೆ. ಈಗ ಅನ್ನಿಸುತ್ತದೆ, ನಗುವ ಹಕ್ಕು ನನಗೆ ಇರಲಿಲ್ಲ. ಅವರಿಗೆ ಗೊತ್ತಿದ್ದ ಎಷ್ಟೋ ಸಂಗತಿ ನನಗೆ ಗೊತ್ತಿರಲಿಲ್ಲ. ಕಾಡ ಮೊಟ್ಟೆಯ ಚುಕ್ಕೆಗಳಿಂದಾಗಿ ಟಾರ್ಚಿನ ಬೆಳಕು ಹಾಯಿಸಿದರೂ ಒಳಗಿನದು ಸರಿಯಾಗಿ ಕಾಣುವುದಿಲ್ಲ. ನಾನು ಪೇಚಾಡುತ್ತಿದ್ದಾಗ ಅವರು ಉಗುರುಬೆಚ್ಚನೆಯ ನೀರಿನ ಪಾತ್ರೆ ತಂದು, ಕಾವಿನ ಕೊನೆಯ ದಿನಗಳಲ್ಲಿ ಮೊಟ್ಟೆಯನ್ನು ಇದರಲ್ಲಿ ತೇಲಿಬಿಟ್ಟರೆ ಜೀವ ಇದ್ದದ್ದು ತಾನಾಗಿ ಅಲ್ಲಾಡುತ್ತದೆ ಎಂದು ತೋರಿಸಿಕೊಟ್ಟರು. ನನ್ನ ಪುಸ್ತಕದಲ್ಲಿ ಅದಿರಲಿಲ್ಲ.

ಎರಡನೆಯ ಸಲಕ್ಕೆ ಹೊರಗಿನ ಮೊಟ್ಟೆ ತರಲಿಲ್ಲ. ಅಷ್ಟರಲ್ಲಿ ಮೊಯ್ದುಚ್ಚ ಕೊಂಡು ತಂದು ಮನೆಯಲ್ಲೇ ಸಾಕಿದ ಹೆಣ್ಣು ಹಕ್ಕಿಗಳು, ಬೇರೆ ಕಡೆಯಿಂದ ತಂದ ಗಂಡುಗಳು, ಮೂರು ಹೆಣ್ಣಿಗೆ ಒಂದರಂತೆ. ಹೊಳೆಯ ಕಪ್ಪೆಚಿಪ್ಪನ್ನು ಕುಟ್ಟಿ ಆಹಾರಕ್ಕೆ ಬೆರೆಸಿದೆವು. ಮೊಟ್ಟೆಯ ಚಿಪ್ಪು ಗಟ್ಟಿಯಾದದ್ದು ಬೆರಳಿಗೇ ತಿಳಿಯುತ್ತಿತ್ತು. ವಿಸಾದ ಗಡುವಿಗೆ ಉಳಿದಿದ್ದದ್ದು ಐದು ವಾರ. ಒಂದೇ ಅವಕಾಶ. ಇಡುವ ದಿನ ಬೆಳಿಗ್ಗೆ ಐಸುಮ್ಮ ಹಟ ಹಿಡಿದರು. ಹತ್ತು ದಿನದ ಹಳೆಯ ಮೊಟ್ಟೆಗಳನ್ನೂ ಸೇರಿಸಬೇಕು, ಒಳ್ಳೆಯ ಮೊಟ್ಟೆ, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ದಿನಕ್ಕೆ ಐದು ಸಲ ತಿರುಗಿಸುವುದೂ ಬೇಡ, ಯಾವ ಕೋಳಿ ಗಡಿಯಾರ ನೋಡುತ್ತದೆ? ಮೊಯ್ದುಚ್ಚ ಕುಂಬಳೆಗೆ ಹೋಗಿದ್ದರು. ನಾವಿಬ್ಬರೇ.

“ಕಬ್ಬಿಣ ಇಲ್ಲದೆ ಇಡ್ಲಿಕ್ಕೆ ನನ್ನ ಕೈ ಹೋಗುದಿಲ್ಲ ಮಾಷೆ. ಆ ಒಂದು ಮಾತು ಕೇಳಿ. ನೀವು ಹೇಳಿದ್ದು ಎಲ್ಲ ಕೇಳ್ತೇನೆ.”

ನಾನು ಯೋಚಿಸಿದೆ. ಹಳೆಯ ಮೊಟ್ಟೆ ಸೇರಿದರೆ ನಷ್ಟ, ತಿರುಗಿಸದಿದ್ದರೆ ನಷ್ಟ. ಒಂದು ಕಬ್ಬಿಣದ ತುಂಡಿನಿಂದ ಮೊಟ್ಟೆಗೆ ಏನೂ ಆಗುವುದಿಲ್ಲ. ಮೊಟ್ಟೆಗೆ! ನಾನು ಮೊಟ್ಟೆಯ ಬಗ್ಗೆ ಮಾತ್ರ ಯೋಚಿಸಿದೆ. ಅವರು ತಂದದ್ದು ಹಿಡಿ ಹೋದ ಹಳೆಯ ಕತ್ತಿಯ ತುಂಡು, ಗೇಣುದ್ದ. ಮೊಟ್ಟೆ ತಿರುಗಿಸುವಾಗ ಅಡ್ಡ ಬರಬಾರದೆಂದು ಅದನ್ನು ಅವರ ಕೈಯಿಂದ ತೆಗೆದುಕೊಂಡು, ನಾನೇ, ಈ ಕೈಯಿಂದಲೇ, ಟ್ರೇಯ ಹಿಂದಿನ ಮೂಲೆಗೆ ಸಿಕ್ಕಿಸಿದೆ. “ಮೊಯ್ದುಚ್ಚನ ಹತ್ತಿರ ಹೇಳುವುದು ಬೇಡ” ಎಂದೆ. ಐಸುಮ್ಮ ಚಿಕ್ಕ ಹುಡುಗಿಯ ಹಾಗೆ ತಲೆಯಾಡಿಸಿದರು. ಅವರು ಮಾತಿಗೆ ತಪ್ಪಲಿಲ್ಲ. ಹಳೆಯ ಮೊಟ್ಟೆಗಳನ್ನು ಬದಿಗಿಟ್ಟರು. ಮೊಟ್ಟೆ ಅಲುಗಿಸಬಾರದ ಕೊನೆಯ ಮೂರು ದಿನ ಬಿಟ್ಟು, ಹದಿನಾಲ್ಕು ದಿನ, ದಿನಕ್ಕೆ ಐದು ಸಲ, ಮಸೀದಿಯ ಬಾಂಗು ಕೇಳಿದಾಗಲೆಲ್ಲ ಹೋಗಿ ತಿರುಗಿಸಿದರು. ಐದು ಸಲಕ್ಕೆ ನನ್ನ ಗಡಿಯಾರ ಬೇಕಾಗಲೇ ಇಲ್ಲ.

ಹದಿನೇಳನೆಯ ದಿನ ಮಧ್ಯಾಹ್ನ ಮುಗಿಲು ಕಪ್ಪಾಯಿತು. ಗುಡುಗು, ಮಳೆ, ಕರೆಂಟು ಹೋಯಿತು. ಪೆಟ್ಟಿಗೆಗೆ ಕಿವಿಯಿಟ್ಟರೆ ಚಿಪ್ಪಿನೊಳಗಿನಿಂದಲೇ ಚಿಂವ್ ಚಿಂವ್ ಕೇಳುತ್ತಿತ್ತು. ಒಂದಲ್ಲ, ಹತ್ತಾರು. ಮೊಯ್ದುಚ್ಚ ಮಕ್ಕಳ ಹಾಗೆ ನಕ್ಕರು. ಕರೆಂಟು ಒಂದು ಗಂಟೆಯಾದರೂ ಬರಲಿಲ್ಲ. ಒಳಗೆ ತಣ್ಣಗಾಗುತ್ತಿತ್ತು. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡುವ ಉಪಾಯ ಐಸುಮ್ಮನದು. ಮೊಯ್ದುಚ್ಚ ಇನ್ನಷ್ಟು ನೀರು ಕಾಯಿಸಲು ಹಿಂದಿನ ಒಲೆಗೆ ಹೋದರು. ಪ್ಲಗ್ಗನ್ನು ತೆಗೆದಿಡಬೇಕೆಂದು ನಮಗೆ ಮೂವರಿಗೂ ಹೊಳೆಯಲಿಲ್ಲ. ಐಸುಮ್ಮ ಎರಡನೆಯ ಬಾಟಲಿಯನ್ನು ಒಳಗೆ ತಳ್ಳಿದಾಗ ಟ್ರೇ ಸ್ವಲ್ಪ ಜರುಗಿರಬೇಕು. ಕತ್ತಿಯ ತುಂಡಿನ ಒಂದು ತುದಿ ಬಲ್ಬಿನ ಹೋಲ್ಡರಿನ ಹಿಂದಿನ ತಂತಿಗೆ ತಾಗಿತ್ತು, ಇನ್ನೊಂದು ತಂತಿಜಾಲಕ್ಕೆ. ಇದೆಲ್ಲ ಆಮೇಲೆ ತಿಳಿದದ್ದು.

ನಾನು ಬಾಗಿಲಲ್ಲಿ ನಿಂತಿದ್ದೆ. ಪ್ಲಗ್ಗು ನನ್ನ ಎಡ ಭುಜದ ಹತ್ತಿರ. ಕರೆಂಟು ಬಂತು; ಕೋಣೆಯ ಬಲ್ಬು ಹತ್ತಿತು. ಐಸುಮ್ಮ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತಿದ್ದರು, ಬಲಗೈ ಒಳಗೆ. ಅವರ ಬೆನ್ನು ನನ್ನ ಕಡೆಗೆ. ಭುಜಗಳು ನಡುಗುತ್ತಿದ್ದವು. ಗಂಟಲಿನಿಂದ ಒಂದು ಸಣ್ಣ ಸ್ವರ ಬರುತ್ತಿತ್ತು, ಬಿಕ್ಕಿದ ಹಾಗೆ. ಮರಿ ಒಡೆದು ಬಂದದ್ದನ್ನು ಕಂಡು ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡೆ. ನಾನು ನಗುತ್ತಾ ನಿಂತಿದ್ದೆ. “ಎಷ್ಟು ಬಂತು ಐಸುಮ್ಮ?” ಎಂದು ಕೇಳಿದ್ದು ಸಹ ನೆನಪಿದೆ. ಉತ್ತರ ಬರಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ. ಎಷ್ಟು ಹೊತ್ತು? ಐದು ಸೆಕೆಂಡೋ, ಹದಿನೈದೋ. ನೀವು ಬೇಕಾದರೆ ಈಗ ಮನಸ್ಸಿನಲ್ಲಿ ಹದಿನೈದರವರೆಗೆ ಎಣಿಸಿ ನೋಡಿ. ನಾನು ಹತ್ತು ವರ್ಷದಿಂದ ಎಣಿಸುತ್ತಿದ್ದೇನೆ, ಬಸ್ಸಿನಲ್ಲಿ, ಫೈಲಿನ ಮುಂದೆ, ಸ್ನಾನ ಮಾಡುವಾಗ. ಪ್ರತಿ ಸಲವೂ ನಾನು ನಗುತ್ತಲೇ ಇರುತ್ತೇನೆ, ಪ್ಲಗ್ಗು ಭುಜದ ಹತ್ತಿರವೇ ಇರುತ್ತದೆ.

ವಾಸನೆ ಬಂದ ಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ನನ್ನ ಕೈ ಏಳಲಿಲ್ಲ. ನೀರಿನ ಪಾತ್ರೆ ಹಿಡಿದು ಬಂದ ಮೊಯ್ದುಚ್ಚ ಅದನ್ನು ಅಲ್ಲೇ ಎತ್ತಿ ಹಾಕಿ, ಕಾಲಿನ ರಬ್ಬರ್ ಚಪ್ಪಲಿ ಕೈಗೆ ತೆಗೆದುಕೊಂಡು ಪ್ಲಗ್ಗಿಗೆ ಹೊಡೆದರು. ಐಸುಮ್ಮ ಹಿಂದಕ್ಕೆ, ನನ್ನ ಕಾಲ ಬುಡಕ್ಕೆ ಬಿದ್ದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಹೋದವು, ಉಳಿದವು ಮಡಚಿಕೊಂಡೇ ಇದ್ದವು. ಮೂರನೆಯ ದಿನ ಅವರಿಗೆ ಸ್ವಲ್ಪ ಮಾತು ಬಂದಾಗ ಮೊಯ್ದುಚ್ಚ ಮೈ ಒರಸುವ ತೋರ್ತಿನಲ್ಲಿ ಸುತ್ತಿ ತಂದಿದ್ದ ಕತ್ತಿಯ ತುಂಡನ್ನು ಮಂಚದ ಮೇಲೆ ಬಿಚ್ಚಿಟ್ಟರು.

“ಇದನ್ನು ಪೆಟ್ಟಿಗೆಯೊಳಗೆ ಇಟ್ಟದ್ದು ಯಾರು?”

ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಐಸುಮ್ಮ ಒಮ್ಮೆ ನನ್ನ ಮುಖ ನೋಡಿದರು.

“ನಾನು” ಎಂದರು. “ಗುಡುಗಿಗೆ.”

“ಸೂಜಿ ಸಹ ಇಡ್ಬಾರ್ದು ಅಂತ ಹೇಳಿದ್ದೆನಾ ಇಲ್ವಾ?”

“ಹೇಳಿದ್ದಿ.”

“ಮತ್ತೆ? ಇಪ್ಪತ್ತೆರಡು ವರ್ಷ ಕಳೆದು ಬಂದವನ ಮಾತಿಗೆ ನಿನ್ನ ಹತ್ರ ಒಂದು ಕಬ್ಬಿಣದ ತುಂಡಿನಷ್ಟು ಬೆಲೆ ಇಲ್ಲ ಅಲ್ವಾ? ಈ ಮನೆಯಲ್ಲಿ ನಾನು ಎಂತ ಕಟ್ಟುದು?”

ಅವರು ಅಕ್ಕನೊಡನೆ ಬ್ಯಾರಿ ಭಾಷೆಯಲ್ಲಿ ಆಡಿದ ಮಾತು ಇದು; ನಾನು ಕನ್ನಡದಲ್ಲಿ ಬರೆದಿದ್ದೇನೆ. ಅರ್ಥವಾಗಲಿಲ್ಲ ಎನ್ನುವ ನೆಪ ನನಗಿಲ್ಲ. ಅವರು ಹೊರಗೆ ಹೋದ ಮೇಲೆ ನಾನು, “ಐಸುಮ್ಮ, ನಾನು ಹೇಳುತ್ತೇನೆ” ಎಂದೆ. “ಬಾಯಿ ಬಿಡ್ಬೇಡಿ ಮಾಷೆ. ಪೊಲೀಸಿನವರು ಕೇಳ್ಲಿಕ್ಕೆ ಬರ್ತಾರಂತೆ. ನಿಮ್ಮ ಕೆಲಸದ ಕಾಗದ ಬರುವ ಹೊತ್ತು” ಎಂದರು. ಪೊಲೀಸಿನವರು ಬಂದರು, ನಾಲ್ಕು ಸಾಲು ಬರೆದುಕೊಂಡು ಹೋದರು. ಆಮೇಲೆ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಮೊಯ್ದುಚ್ಚನ ಜೊತೆ ಆಸ್ಪತ್ರೆಯ ಕೆಳಗೆ ಎಷ್ಟೋ ಸಲ ಚಹಾ ಕುಡಿದೆ. ಪ್ರತಿ ಸಲ ಗ್ಲಾಸು ಖಾಲಿಯಾಗುವ ಮೊದಲು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ.

ಶಿರಿಯಕ್ಕೆ ಬಂದು ಪೆಟ್ಟಿಗೆ ತೆರೆದವನು ನಾನೇ. ಮೊಟ್ಟೆಗಳನ್ನು ಇಟ್ಟಾಗ ನೂರಿಪ್ಪತ್ತಿದ್ದವು. ನೂರಕ್ಕಿಂತ ಹೆಚ್ಚಿನದರಲ್ಲಿ ಚಿಪ್ಪು ಬಿರಿದಿತ್ತು. ಸಣ್ಣ ತೂತು, ಆ ತೂತಿನಲ್ಲಿ ಕೊಕ್ಕಿನ ತುದಿ. ಅಲ್ಲಿಗೇ ನಿಂತಿತ್ತು. ಬೀಜ ಕಟ್ಟದ್ದು ಒಂದೂ ಇರಲಿಲ್ಲ ಎನ್ನಬಹುದು, ಕೆಂಪು ಉಂಗುರದ್ದು ಒಂದೂ ಇರಲಿಲ್ಲ. ನಾನು ಹೇಳಿಕೊಟ್ಟದ್ದೆಲ್ಲ ಸರಿಯಾಗಿತ್ತು. ನನ್ನ ವಿದ್ಯೆಯಿಂದ ಈ ಲೋಕದಲ್ಲಿ ಆದ ಒಂದೇ ಒಳ್ಳೆಯ ಕೆಲಸ ತಂತಿಜಾಲದ ಮೇಲೆ ತಣ್ಣಗೆ ಸಾಲಾಗಿ ಕುಳಿತಿತ್ತು. ಹೊಳೆಯ ದಡದಲ್ಲಿ ಗುಂಡಿ ತೋಡಿ ಹೂತೆ.

ಗಡುವಿಗೆ ನಾಲ್ಕು ದಿನ ಇರುವಾಗ ಮೊಯ್ದುಚ್ಚ ಹೋದರು. ಹಕ್ಕಿಗಳನ್ನು ಯಾರಿಗೋ ಕೊಟ್ಟರು. ಅಕ್ಕನ ಆರೈಕೆಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ಅವರಿಗಿದ್ದದ್ದು ಸಿಟ್ಟು ಮಾತ್ರವಲ್ಲ ಎಂದು ಈಗ ಅನ್ನಿಸುತ್ತದೆ. ತಾನು ಬೆಸೆದ ತಂತಿಯಿಂದಲೇ ಅಕ್ಕನ ಕೈ ಹೋದದ್ದನ್ನು ದಿನಾ ನೋಡಲಾರದೆ, ಆ ಭಾರವನ್ನೆಲ್ಲ ಅಕ್ಕನ ಮೂಢತನದ ಮೇಲೆ ಹೊರಿಸಿ ಹೋದರೇನೋ. ಹೊರಿಸಲು ಜಾಗ ಮಾಡಿಕೊಟ್ಟವನು ನಾನು. ಮುಂದಿನ ತಿಂಗಳು ನನ್ನ ಕಾಗದ ಬಂತು. ಐಸುಮ್ಮ ಎಡಗೈಯಲ್ಲಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಲು ಬಂದವರು, ಎಡಗೈ ಎಂದು ನೆನಪಾಗಿ, ನಾಚಿ, ತಟ್ಟೆಯಲ್ಲಿಟ್ಟು ಕೊಟ್ಟರು. ಎಡಗೈಯಲ್ಲಿ ಊಟ ಮಾಡಲು ಅವರಿಗೆ ಆಗುತ್ತಿರಲಿಲ್ಲ. ಬಲಗೈಗೆ ಒಂದು ಚಮಚವನ್ನು ಬಟ್ಟೆಯಿಂದ ಕಟ್ಟಿಸಿಕೊಂಡು ಉಣ್ಣುತ್ತಿದ್ದರು. ಕೋಣೆ ಬಿಟ್ಟು ಕೆಲಸಕ್ಕೆಂದು ವಿದ್ಯಾನಗರಕ್ಕೆ ಬಂದ ಮೇಲೆ, ಅದನ್ನು ನೋಡಲಾರದೆ, ನಾನು ಶಿರಿಯಕ್ಕೆ ಹೋಗುವುದು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ವಿದ್ಯಾನಗರದಿಂದ ಶಿರಿಯಕ್ಕೆ ಬಸ್ಸಿನಲ್ಲಿ ಹೋಗಲು ಒಂದು ಗಂಟೆಯೂ ಬೇಡ.

ಕಳೆದ ಭಾನುವಾರ ಹೋದೆ. ಆಫೀಸಿನಲ್ಲಿ ಕೈ ತೊಳೆದ ದಿನವೇ ನಿರ್ಧಾರ ಮಾಡಿದ್ದೆ ಎಂದರೆ ಸುಳ್ಳಾದೀತು. ಹೋಗದಿರಲು ಮೂರು ಕಾರಣ ಹುಡುಕಿ, ಮೂರೂ ಸಾಲದೆ ಹೋದದ್ದು. ಐಸುಮ್ಮ ಜಗಲಿಯಲ್ಲಿದ್ದರು. ಕೂದಲು ಪೂರ್ತಿ ಬಿಳಿ. “ಯಾರು, ಮಾಷಾ? ದಪ್ಪ ಆಗಿದ್ದೀರಲ್ಲ, ಸರ್ಕಾರದ ಅನ್ನ” ಎಂದು ನಕ್ಕರು. ನಾನು ಕುಳಿತುಕೊಳ್ಳಲೂ ಇಲ್ಲ.

“ಐಸುಮ್ಮ, ಆ ಕಬ್ಬಿಣ ಇಟ್ಟದ್ದು ನಾನು” ಎಂದೆ.

“ಅದನ್ನು ನನ್ನ ಹತ್ರ ಎಂತಕ್ಕೆ ಹೇಳುದು? ನಾನು ಅಲ್ಲೇ ಇದ್ದೆನಲ್ಲ ಮಾರಾಯ್ರೆ.”

ಆಮೇಲೆ ಅವರು ಮಡಿಲಿನಿಂದ ಫೋನ್ ತೆಗೆದು, ಎಡಗೈಯ ಹೆಬ್ಬೆರಳಿನಿಂದ ಒತ್ತಿ, ಸ್ಪೀಕರ್ ಹಾಕಿ ನಮ್ಮಿಬ್ಬರ ನಡುವೆ ಹಿಡಿದರು. “ಮೊಯ್ದು, ಮಾಷ್ ಬಂದಿದ್ದಾರೆ. ನಿನ್ನ ಹತ್ರ ಎಂತದೋ ಹೇಳ್ಲಿಕ್ಕುಂಟಂತೆ.”

ಹೇಳಿದೆ. ನಾಲ್ಕೈದು ವಾಕ್ಯದಲ್ಲಿ ಮುಗಿಯಿತು. ಹತ್ತು ವರ್ಷ ಹೊತ್ತದ್ದು ಇಷ್ಟು ಗಿಡ್ಡ ಎಂದು ನನಗೇ ನಾಚಿಕೆಯಾಯಿತು. ಆ ಕಡೆ ಯಾವುದೋ ವಾಹನದ ಎಂಜಿನ್ ಓಡುತ್ತಿದ್ದ ಸದ್ದು. ಅದನ್ನು ಆಫ್ ಮಾಡಿದ್ದು ಕೇಳಿಸಿತು.

“ಮಾಷೆ” ಎಂದರು ಮೊಯ್ದುಚ್ಚ. ಸ್ವರ ಮುದುಕರದ್ದಾಗಿತ್ತು. “ನಾನು ಅವಳ ಹತ್ರ ಹತ್ತು ವರ್ಷದಿಂದ ಸರಿ ಮಾತಾಡ್ಲಿಲ್ಲ. ಫೋನ್ ಮಾಡಿದ್ರೆ ಮದ್ದು ಉಂಟಾ, ಅಕ್ಕಿ ಉಂಟಾ, ಅಷ್ಟೇ. ಎರಡು ಸಲ ಊರಿಗೆ ಬಂದೆ, ಎರಡು ಸಲವೂ ಬೇರೆಯವರ ಮನೆಯಲ್ಲಿ ಮಲಗಿದೆ. ಈಗ ನೀವು ಹೇಳಿದ್ರಿ. ಒಳ್ಳೆದಾಯ್ತು. ಆ ಹತ್ತು ವರ್ಷವನ್ನು ನಾನು ಎಂತ ಮಾಡ್ಲಿ?”

ಐಸುಮ್ಮ ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡರು.

“ಮೊಯ್ದು, ಊಟ ಆಯ್ತಾ?”

ಆ ಕಡೆಯಿಂದ ಉತ್ತರ ಬರಲಿಲ್ಲ. ಫೋನ್ ಇಟ್ಟದ್ದೂ ಇಲ್ಲ. ಅವರು ಅದನ್ನು ಹಾಗೆಯೇ ಹಿಡಿದುಕೊಂಡು ಕಾಯುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದೆ.